ಆಗದ ತುತ್ತು

ಕರುಮತ್ತಂಪಟ್ಟಿ
20-11-1985

ರಾಜಾಮಣಿ ಅಕ್ಕನವರಿಗೆ ಚಂದ್ರಾಳ ನಮಸ್ಕಾರಗಳು.

ಯಾರಪ್ಪಾ ಈ ಚಂದ್ರಾ ಎಂದು ಯೋಚಿಸಬೇಡಿ. ನಿಮ್ಮ ತಮ್ಮ ಶಣ್ಮುಗಂ ಅವರ ಹೆಂಡತಿ, ಕೊಳ್ಳೇಗಾಲದವಳು. ನಮ್ಮ ಮದುವೆಗೆ ನೀವು ಬಂದಿರಿ, ಅಕ್ಷತೆ ಹಾಕಿದಿರಿ, ಊಟಕ್ಕೆ ಕೂರದೆ ಹೊರಟುಹೋದಿರಿ. ತಲೆ ತಗ್ಗಿಸಿ ಕೂತಿದ್ದ ನನಗೆ ಕಂಡದ್ದು ನಿಮ್ಮ ಸೀರೆಯ ಹಸಿರು ಅಂಚು ಮಾತ್ರ. ಮುಖ ನೋಡಿದ ನೆನಪಿಲ್ಲ. ಅದಕ್ಕೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ.

ತಮಿಳುನಾಡಿನ ಈ ಊರಿನಲ್ಲಿ ಕನ್ನಡ ಮಾತಾಡುವವರು ಬೀದಿಗೆ ಬೀದಿಯೇ ಇದ್ದಾರೆ, ಓದಬಲ್ಲವರು ಒಬ್ಬರೂ ಸಿಗಲಿಲ್ಲ. ಅಜ್ಜಿ ಕಾಮಾಕ್ಷಿಯಮ್ಮ ಮಗ್ಗದ ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆದು ನಿಮಗೊಬ್ಬರಿಗೇ ಅಕ್ಷರ ಕಲಿಸಿದ್ದರೆಂದು ನಿಮ್ಮ ತಮ್ಮ ಹೇಳಿದರು. ವಿಳಾಸವನ್ನೂ ಅವರೇ ಕೊಟ್ಟರು. ಈ ಕಾಗದವನ್ನು ಬಚ್ಚಿಡುವ ಕಷ್ಟವೂ ನನಗಿಲ್ಲ. ಅತ್ತೆಯ ಮಡಿಲಲ್ಲಿ ಹಾಕಿದರೂ ಒಂದಕ್ಷರ ತಿಳಿಯುವುದಿಲ್ಲ.

ಹೋದ ವರ್ಷ ತಲೆ ದೀಪಾವಳಿಗೆ, ಮದುವೆಯಾದ ಮೊದಲ ವರ್ಷವಲ್ಲವೇ, ನಮ್ಮನ್ನು ತವರಿಗೆ ಕರೆಸಿಕೊಂಡಿದ್ದರು. ಆದ್ದರಿಂದ ಈ ಮನೆಯಲ್ಲಿ ನನಗಿದು ಮೊದಲ ದೀಪಾವಳಿ. ನಾಲ್ಕು ಪವರ್‌ಲೂಮೂ ನಿಂತಿದ್ದವು, ಕಿರುಚದೆ ಮಾತಾಡಿದರೂ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿತ್ತು. ಅತ್ತೆ ನನ್ನನ್ನೂ ಗಂಡಸರ ಸಾಲಿನಲ್ಲೇ ಕೂರಿಸಿದರು. ಮುಂದಿನದು ನಿಮಗೆ ಗೊತ್ತಿರುವುದೇ, ಆದರೂ ಹೊಸಬಳ ಕಣ್ಣಿಗೆ ಹೇಗೆ ಕಂಡಿತೆಂದು ಕೇಳಿ. ಎಲೆಯ ಎಡತುದಿಯಲ್ಲಿ, ಉಪ್ಪು ಬಡಿಸುವ ಜಾಗದ ಪಕ್ಕ, ಮಾವನಿಗೆ ಅವರಿಗೆ ಆಗದ ಹಾಲಿನ ಕೆನೆ ಒಂದು ಚಮಚ ಬಿತ್ತು. ಊರ ಪಂಚಾಯ್ತಿಯಲ್ಲಿ ಗಂಟಲು ಸರಿಮಾಡಿಕೊಂಡರೆ ಹತ್ತು ಜನ ಸುಮ್ಮನಾಗುವ ಮಾವ ಮೂಗು ಹಿಡಿದುಕೊಂಡು, ಕಣ್ಣು ಮುಚ್ಚಿ ಅದನ್ನು ನುಂಗಿದರು. ನಿಮ್ಮ ತಮ್ಮನಿಗೆ ಹಾಗಲಕಾಯಿ. ಅವರು ಅಳುವ ಮಗುವಿನ ಹಾಗೆ ಮುಖ ಮಾಡಿದರು. ಅತ್ತೆ ನಕ್ಕರು. ಅತ್ತೆ ಹಾಗೆ ಬಾಯಿ ತುಂಬ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ನನ್ನ ಎಲೆಯ ತುದಿಯಲ್ಲಿ ಏನೂ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆ, “ನಿಂಗೆ ಆಗದ್ದು ಏನ್ ಕಣ್ಣು?” ಎಂದು, ಮಗಳನ್ನು ಕರೆಯುವ ಹಾಗೆ ‘ಕಣ್ಣು’ ಎಂದು ಕರೆದು ಕೇಳಿದ್ದರು. ಅತ್ತೆಯ ಮನೆಯಲ್ಲಿ ಅದು ಬೇಡ ಇದು ಬೇಡ ಅನ್ನಬಾರದೆಂದು ನಮ್ಮಮ್ಮ ಕಿವಿ ಹಿಂಡಿ ಕಳಿಸಿದ್ದಳು. “ಎಲ್ಲಾನೂ ಆಯ್ತದೆ ಅತ್ತೆ” ಎಂದುಬಿಟ್ಟಿದ್ದೆ. ಈಗ ಅವರಿಬ್ಬರೂ ಮುಖ ಕಿವುಚಿಕೊಂಡು ನಗುತ್ತಿದ್ದರೆ ನಾನೊಬ್ಬಳು ನೆಂಟರ ಹಾಗೆ ನೆಟ್ಟಗೆ ಕೂತಿದ್ದೆ. ಆಗದ ತುತ್ತು ಇಲ್ಲವಲ್ಲ ಎಂದು ಯಾರಾದರೂ ಸಂಕಟಪಡುತ್ತಾರೆಯೇ? ನನಗೆ ಸಂಕಟವಾಯಿತು ಅಕ್ಕ. ಒಬ್ಬಟ್ಟನ್ನು ಮುರಿದು ಮುರಿದು ಎಲೆಯಲ್ಲೇ ಬಿಟ್ಟೆ.

ಇನ್ನೊಂದು ವಿಷಯ. ಊಟಕ್ಕೆ ಕೂತದ್ದು ಮೂವರು, ಅತ್ತೆ ಹಾಕಿದ್ದು ನಾಲ್ಕು ಎಲೆ. ನಾಲ್ಕನೆಯದರಲ್ಲಿ ಒಂದು ತುತ್ತು ಕುಂಬಳಕಾಯಿ ಪಲ್ಯ ಬಿಟ್ಟರೆ ಬೇರೇನೂ ಇರಲಿಲ್ಲ. ನಮ್ಮ ಊಟವೆಲ್ಲ ಮುಗಿದ ಮೇಲೆ ಅತ್ತೆ ಅದೇ ಎಲೆಗೆ ಕೂತು, ಮೊದಲು ಕುಂಬಳಕಾಯಿ ತಿಂದು, ಆಮೇಲೆ ಅನ್ನ ಹಾಕಿಕೊಂಡರು. ಯಾರ ಎಲೆ ಎಂದು ಕೇಳಿದೆ. ಮಾವ ಎದ್ದು ಹೊರಗೆ ಹೋದರು. ಸಂಜೆ ನಿಮ್ಮ ತಮ್ಮ ಹೇಳಿದರು, ನಿಮ್ಮದಂತೆ. ನಾಲ್ಕು ದೀಪಾವಳಿಯಿಂದ ಹೀಗೇ ಹಾಕುತ್ತಿದ್ದಾರಂತೆ.

ಇದನ್ನು ನಿಮಗೆ ತಿಳಿಸಬೇಕು ಅನ್ನಿಸಿತು. ತಪ್ಪಾಗಿದ್ದರೆ ಹರಿದುಹಾಕಿ.

ನಿಮ್ಮ ಮುಖ ನೋಡದ,
ಚಂದ್ರಾ


ಕುರಿಚಿ
12-12-1985

ಚಂದ್ರಾ,

ನಿನ್ನ ಕಾಗದ ಬಂತು. ಅಜ್ಜಿ ಸತ್ತ ಮೇಲೆ ಕನ್ನಡದಲ್ಲಿ ಒಂದು ಸಾಲು ಬರೆದವಳಲ್ಲ ನಾನು. ಒತ್ತು ಎಲ್ಲಿ, ದೀರ್ಘ ಎಲ್ಲಿ ಎಂದು ತಡಕಾಡುತ್ತಿದ್ದೇನೆ. ತಪ್ಪಿದ್ದರೆ ನಗು, ಆದರೆ ತಿದ್ದಿ ವಾಪಸು ಕಳಿಸಬೇಡ.

ಆ ಪದ್ಧತಿ ಎಲ್ಲಿಂದ ಬಂತೆಂದು ನಿನಗೆ ಯಾರೂ ಹೇಳಿರಲಾರರು. ನಮ್ಮ ಅಜ್ಜಿಯೂ ನಿನ್ನಂತೆ ಕೊಳ್ಳೇಗಾಲದಿಂದ ಬಂದ ಸೊಸೆ. ಆಗ ಮನೆಯಲ್ಲಿ ಹದಿನೆಂಟು ಜನ. ಒಬ್ಬನಿಗೆ ಸೊಪ್ಪು ಬೇಡ, ಇನ್ನೊಬ್ಬನಿಗೆ ಮಜ್ಜಿಗೆ ಬೇಡ, ದಿನವೂ ಎಲೆಯ ಮುಂದೆ ರಗಳೆ. ಒಂದು ದೀಪಾವಳಿಯಂದು ಅಜ್ಜಿ ಸೌಟು ಕೆಳಗಿಟ್ಟು, “ಒಬ್ಬೊಬ್ಬರೂ ಒಂದೇ ಒಂದು ಹೇಳಿ. ವರ್ಷವೆಲ್ಲ ಅದನ್ನ ನಿಮ್ಮ ಎಲೆಗೆ ಹಾಕಲ್ಲ. ಮಿಕ್ಕಿದ್ದಕ್ಕೆ ಬಾಯಿ ಬಿಡಂಗಿಲ್ಲ. ದೀಪಾವಳಿ ದಿನ ಮಾತ್ರ ಅದನ್ನ ಒಂದು ತುತ್ತು ತಿಂದೇ ಸಿಹಿ ಮುಟ್ಟಬೇಕು” ಎಂದಳಂತೆ. ಅವತ್ತಿನಿಂದ ಜಗಳ ನಿಂತಿತು. ತನಗೆ ಆಗದ್ದನ್ನು ಮನೆಯ ಯಜಮಾನಿಗೆ ತನ್ನ ಬಾಯಿಂದಲೇ ಹೇಳಬೇಕು, ಅದು ಕಟ್ಟಳೆ. ಅಮ್ಮ ಎರಡನೇ ಸಲ ಕೇಳುವವಳಲ್ಲ. ನೀನೇ ಹೋಗಿ ಹೇಳಬೇಕು.

ಏನೂ ಹೊಳೆಯದಿದ್ದರೆ ಸುಳ್ಳು ಹೇಳು. ಗೋರಿಕಾಯಿ ಅನ್ನು. ಗೋರಿಕಾಯಿಯನ್ನು ಬೇಡವೆಂದರೆ ಯಾರಿಗೂ ನಷ್ಟವಿಲ್ಲ.

ಇಲ್ಲಿ ನಾವು ಮೂವರೇ. ಇವರು ಫೌಂಡ್ರಿಯಿಂದ ಕಿವಿಯಲ್ಲಿ ಕಪ್ಪು ಮರಳು ತುಂಬಿಕೊಂಡು ಬರುತ್ತಾರೆ. ನಮ್ಮ ಅತ್ತೆ ಸುಬ್ಬಾತಾಳ್ ಒಳ್ಳೆಯ ಹೆಂಗಸು. ಹೆಂಚಿನ ಮೇಲೆ ಕುಂಬಳದ ಬಳ್ಳಿ ಹಬ್ಬಿಸಿದ್ದಾರೆ, ವಾರಕ್ಕೆ ಮೂರು ದಿನ ಅದೇ ಸಾರು, ಅದೇ ಪಲ್ಯ. ನನಗೆ ಆಗದ್ದು ಏನೆಂದು ಅವರಿಗೆ ಎಂದೂ ಕೇಳಬೇಕೆನಿಸಿಲ್ಲ. ಕೇಳದ ಮೇಲೆ ಹೇಳುವುದು ಹೇಗೆ?

ಆ ಎಲೆಯ ವಿಷಯ ಇನ್ನೊಮ್ಮೆ ಬರೆಯಬೇಡ.

ಅಮ್ಮ ಶನಿವಾರ ಈಗಲೂ ಅಕ್ಕಿ ಬೇಳೆ ಒಟ್ಟಿಗೆ ಬೇಯಿಸಿ ಅರಿಸಿ ಪರುಪ್ಪು ಮಾಡುತ್ತಾಳಾ? ಬೆಳ್ಳುಳ್ಳಿ ಇಡಿಯಾಗಿ ಹಾಕುತ್ತಾಳಾ, ಜಜ್ಜುತ್ತಾಳಾ? ಸುಮ್ಮನೆ ಕೇಳಿದೆ.

ರಾಜಾಮಣಿ


ಕರುಮತ್ತಂಪಟ್ಟಿ
27-1-1986

ಅಕ್ಕನವರಿಗೆ ನಮಸ್ಕಾರ.

ಬೆಳ್ಳುಳ್ಳಿ ಇಡಿಯಾಗಿಯೇ ಹಾಕುತ್ತಾರೆ, ಒಂದು ಹಿಡಿ. ಹೇಗೆ ಗೊತ್ತೆಂದರೆ, ಪ್ರತಿ ಶನಿವಾರ ಅವನ್ನು ಎಣಿಸಿಕೊಂಡು ಒಂದೊಂದಾಗಿ ನುಂಗುವವಳು ನಾನೇ.

ಅಕ್ಕ, ನಗಬೇಡಿ. ನನಗೆ ಆಗದ್ದು ಅದೇ. ಅರಿಸಿ ಪರುಪ್ಪು.

ಹನ್ನೊಂದನೇ ವಯಸ್ಸಿನಲ್ಲಿ ನನಗೆ ಟೈಫಾಯಿಡ್ ಬಂದಿತ್ತು. ನಲವತ್ತು ದಿನ ಅಕ್ಕಿ ಬೇಳೆ ಒಟ್ಟಿಗೆ ಬೇಯಿಸಿ, ಮೆತ್ತಗೆ ಮಸೆದು ತಿನ್ನಿಸಿದರು. ನಮ್ಮ ಕಡೆ ಅದು ಹಾಸಿಗೆ ಹಿಡಿದವರ ಊಟ. ನಿಮ್ಮ ಮನೆಗೆ ಬಂದ ಮೊದಲ ಶನಿವಾರ ಅತ್ತೆ ಆಸೆಯಿಂದ ಬಿಸಿಬಿಸಿ ಅರಿಸಿ ಪರುಪ್ಪಿಗೆ ತುಪ್ಪ ಸುರಿದು ಕೊಟ್ಟಾಗ, ಅದರ ಹಬೆ ಮೂಗಿಗೆ ಬಡಿದದ್ದೇ ಜ್ವರ ಬಂದ ಹಾಗಾಯಿತು. “ಹೆಂಗದೆ?” ಅಂದರು. “ಚೆನ್ನಾಗದೆ” ಅಂದೆ. ಅಲ್ಲಿಗೆ ಮುಗಿಯಿತು ನನ್ನ ಕಥೆ. ಇದು ನಿಮಗೆ ಪ್ರಾಣವಂತೆ, ನೀವು ಹೋದ ಮೇಲೆ ಒಂದು ಶನಿವಾರವೂ ಅತ್ತೆ ತಪ್ಪಿಸಿಲ್ಲವಂತೆ. ಅಂಥದ್ದನ್ನು ಆಗಲ್ಲ ಎಂದು ಯಾವ ಬಾಯಲ್ಲಿ ಹೇಳಲಿ?

ನೀವು ಹೇಳಿಕೊಟ್ಟ ಸುಳ್ಳನ್ನು ಪ್ರಯೋಗಿಸಿದೆ. ಸಂಕ್ರಾಂತಿಯ ಮರುದಿನ, “ಗೋರಿಕಾಯಿ ನಂಗಾಗಲ್ಲ ಅತ್ತೆ” ಎಂದೆ. ಅತ್ತೆ ನನ್ನ ಮುಖವನ್ನೇ ನೋಡಿದರು. “ಹಂಗಾ? ಹೋದ ಬುಧವಾರ ಎರಡು ಸಲ ಹಾಕಿಸ್ಕೊಂಡೆ. ಬಾಣಲೆ ತಳ ಒರಸ್ಕೊಂಡು ತಿಂದೆ. ನನ್ನ ಹತ್ರ ಪೊಯ್ಯಿ ಯಾಕೆ ಹೇಳ್ತೀಯ ಕಣ್ಣು? ಮುಖ ನೋಡಿದ್ರೆ ನಂಗೆ ತಿಳಿಯಲ್ವಾ?” ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ಹಾಗಾದರೆ ಶನಿವಾರ ನನ್ನ ಮುಖ ಅವರಿಗೆ ಏಕೆ ಕಾಣುವುದಿಲ್ಲ ಎಂದು ಆಮೇಲೆ ಯೋಚಿಸಿದೆ. ಶನಿವಾರ ಅವರು ಯಾರ ಮುಖವನ್ನೂ ನೋಡುವುದಿಲ್ಲ ಅಕ್ಕ. ಬಡಿಸಿ ಬಾಗಿಲ ಹತ್ತಿರ ಕೂರುತ್ತಾರೆ. ಅಲ್ಲಿಂದ ಕೊಯಮತ್ತೂರು ಬಸ್ಸು ನಿಲ್ಲುವ ಜಾಗ ಕಾಣುತ್ತದೆ.

ಬೇಡವೆಂದ ವಿಷಯವನ್ನೇ ಬರೆದೆ. ಬೈಯಿರಿ, ಆದರೆ ಬರೆದು ಬೈಯಿರಿ.

ಚಂದ್ರಾ


ಕುರಿಚಿ
9-3-1986

ಚಂದ್ರಾ,

ಬೈಯಲೆಂದೇ ಕೂತೆ. ನಾಲ್ಕು ದಿನದಿಂದ ಕೂರುತ್ತಿದ್ದೇನೆ.

ಅರಿಸಿ ಪರುಪ್ಪು ಆಗದವರು ಲೋಕದಲ್ಲಿ ಇದ್ದಾರೆಂದು ನನಗೆ ಗೊತ್ತಿರಲಿಲ್ಲ. ಇರಲಿ. ಅದನ್ನು ಅಮ್ಮನಿಗೆ ಹೇಳಿಬಿಡು. ನಾನು ಹೇಳದೆ ಏನು ಮಾಡಿಕೊಂಡೆ ಎಂದು ಓದು.

ನನ್ನ ತಲೆ ದೀಪಾವಳಿ 1981ರಲ್ಲಿ. ಇವರೂ ನಮ್ಮ ಅತ್ತೆಯೂ ಜೊತೆಗೆ ಬಂದಿದ್ದರು. ಬಸ್ಸಿನಲ್ಲಿ ಬರುವಾಗಲೇ ನಾನು ಇವರ ಕಿವಿಯಲ್ಲಿ ಆಗದ ತುತ್ತಿನ ಕಥೆ ಹೇಳಿದ್ದೆ. ನೋಡಿ, ಅಮ್ಮ ನನಗೆ ಕುಂಬಳಕಾಯಿ ಇಡುತ್ತಾಳೆ, ನಾನು ಹೇಗೆ ಒದ್ದಾಡುತ್ತೇನೆ ನೋಡಿ ಎಂದು. ಇವರು ನಗಲು ಸಿದ್ಧರಾಗಿ ಕೂತಿದ್ದರು. ಅಮ್ಮ ಅಪ್ಪನಿಗೆ ಕೆನೆ ಇಟ್ಟಳು, ಶಣ್ಮುಗನಿಗೆ ಹಾಗಲಕಾಯಿ ಇಟ್ಟಳು. ನನ್ನ ಎಲೆಯನ್ನು ದಾಟಿ ಹೋದಳು. ಮರೆತಳೇನೋ ಎಂದುಕೊಂಡೆ. ವಾಪಸು ಬಂದು ನನಗೆ ಒಬ್ಬಟ್ಟು ಬಡಿಸಿದಳು, ನೆಂಟರಿಗೆ ಬಡಿಸುವ ಹಾಗೆ ಎರಡು. ತುದಿ ಖಾಲಿ.

ಮೂರು ತಿಂಗಳ ಹಿಂದೆ ಮದುವೆ ಮಾಡಿ ಕಳಿಸಿದ್ದಳು. ಅಷ್ಟರಲ್ಲೇ ಹೊರಗಿನವಳಾದೆ. ನನ್ನ ಕಣ್ಣಲ್ಲಿ ನೀರು ಬಂತು, ಮೆಣಸಿನಕಾಯಿ ಎಂದೆ. ಸಿಹಿ ಮುಟ್ಟದೆ ಎದ್ದೆ. ಸಂಜೆಯವರೆಗೆ ಇರಬೇಕಾಗಿದ್ದವರು ಮೂರು ಗಂಟೆಯ ಬಸ್ಸಿಗೇ ಹೊರಟೆವು. ಅಮ್ಮ ಬಾಗಿಲಲ್ಲಿ ನಿಂತಿದ್ದಳು, ಯಾಕೆ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಏನೆಂದು ಹೇಳುವುದು? ನನಗೆ ಆಗದ್ದನ್ನು ಬಡಿಸಲಿಲ್ಲವೆಂದು ಕೋಪ ಎಂದರೆ ಹುಚ್ಚಿ ಅನ್ನುತ್ತಾರೆ. ಇವರಿಗೂ ಇಂದಿನವರೆಗೆ ಹೇಳಿಲ್ಲ. ನಿನಗೆ ಹೇಳುತ್ತಿದ್ದೇನೆ, ಏಕೆಂದರೆ ಖಾಲಿ ತುದಿ ಹೇಗಿರುತ್ತದೆ ಎಂದು ಆ ಮನೆಯಲ್ಲಿ ಗೊತ್ತಿರುವವಳು ನೀನೊಬ್ಬಳೇ.

ಒಂದು ನೆನಪು. ಅಜ್ಜಿ ಇರುವವರೆಗೆ ಅಮ್ಮನಿಗೂ ಆಗದ ತುತ್ತು ಇತ್ತು. ಎಲ್ಲರ ಊಟವಾದ ಮೇಲೆ ಅಡುಗೆಮನೆಯಲ್ಲಿ ಸೆರಗಿನ ಮರೆಯಲ್ಲಿ ಅಜ್ಜಿಯೇ ಅಮ್ಮನ ಬಾಯಿಗೆ ಹಾಕುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಅದು ಏನೆಂದು ನಾನು ನೋಡಿದ್ದಿಲ್ಲ. ಅಜ್ಜಿ ಹೋಗಿ ಆರು ವರ್ಷವಾಯಿತು. ಈಗ ಅಮ್ಮನಿಗೆ ಯಾರು ಇಡುತ್ತಾರೆ?

ರಾಜಾಮಣಿ


ಕರುಮತ್ತಂಪಟ್ಟಿ
2-5-1986

ಅಕ್ಕ,

ನಿಮ್ಮ ಮಾತು ಮೀರಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಿಮ್ಮಿಷ್ಟ.

ಮೊನ್ನೆ ಮಧ್ಯಾಹ್ನ ಕರೆಂಟು ಹೋಯಿತು. ಮಗ್ಗಗಳು ನಿಂತವು. ಅತ್ತೆ, ನಾನು ಹಿತ್ತಲ ಬೇವಿನ ಕೆಳಗೆ ನೂಲು ಸುತ್ತುತ್ತಾ ಕೂತಿದ್ದೆವು. ಕೇಳಿಯೇಬಿಟ್ಟೆ. “ಅತ್ತೆ, ಅಕ್ಕನ ತಲೆ ದೀಪಾವಳಿ ದಿವಸ ಕುಂಬಳಕಾಯಿ ಯಾಕೆ ಇಡ್ಲಿಲ್ಲ?”

ಅತ್ತೆಯ ರಾಟೆ ನಿಂತಿತು. “ಅವಳು ಬರೆದ್ಲಾ?” ಅಂದರು. ಹೂಂ ಅಂದೆ.

“ಇದಕ್ಕಾ ಹೋದ್ಲು?”

ಹೂಂ ಅಂದೆ.

ಅತ್ತೆ ರಾಟೆಯನ್ನು ಪಕ್ಕಕ್ಕೆ ತಳ್ಳಿದರು. ಆಮೇಲೆ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ, ನನ್ನ ಮಾತು ಬೆರೆಸುವುದಿಲ್ಲ:

“ಸಮ್ಮಂದಿಯಮ್ಮ, ಅವಳ ಅತ್ತೆ, ಪಕ್ಕದಲ್ಲೇ ಕೂತಿದ್ರು. ನಮ್ಮ ಮನೆ ಪಳಕ್ಕ ಪದ್ಧತಿ ಅವರಿಗೆ ಏನ್ ಗೊತ್ತು? ತಲೆ ದೀಪಾವಳಿ ದಿನ ಹೆತ್ತವಳೇ ಮಗಳಿಗೆ ಆಗದ್ದನ್ನ ಬಡಿಸಿದ್ಲು, ಇವಳಿಗೆ ತವರಲ್ಲೇ ಮರ್ಯಾದೆ ಇಲ್ಲ ಅಂದ್ಕೊಂಡ್ರೆ? ನಾಳೆ ಅವಳನ್ನ ಅಲ್ಲಿ ಯಾರು ಮದಿಸ್ತಾರೆ, ಯಾರು ಬೆಲೆ ಕೊಡ್ತಾರೆ? ಅದಕ್ಕೇ ಬಡಿಸ್ಲಿಲ್ಲ ಕಣ್ಣು. ಆದ್ರೆ ಮಾಡಿದ್ದೆ. ಮಾಡದೆ ಇರ್ತೀನಾ? ಸಣ್ಣ ಬಟ್ಲಲ್ಲಿ ಎತ್ತಿ ಗೂಡಲ್ಲಿ ಇಟ್ಟಿದ್ದೆ. ಇಳಿಹೊತ್ತಲ್ಲಿ ಅವರು ಒಂದು ಗಳಿಗೆ ಅಡ್ಡಾದಾಗ ಅವಳೊಬ್ಬಳನ್ನೇ ಒಳಗೆ ಕರೆದು ನಾನೇ ಬಾಯಿಗೆ ಹಾಕ್ಬೇಕು ಅಂತ. ನಮ್ಮ ಅತ್ತೆ ನಂಗೆ ಹಾಕ್ತಿದ್ರಲ್ಲ, ಹಂಗೆ. ಮೂರು ಗಂಟೆಗೇ ಹೊರಟುಬಿಟ್ಲು. ಬಟ್ಲು ಗೂಡಲ್ಲೇ ಇತ್ತು.”

“ಮತ್ತೆ ಯಾಕೆ ಹೋದ್ಲು ಅಂತ ನೀವು ಕೇಳ್ಬಾರದಿತ್ತಾ?” ಎಂದೆ.

“ಸಮ್ಮಂದಿಯಮ್ಮನಿಗೆ ನೂಲಿನ ಸೀರೆ ಕೊಟ್ಟಿದ್ದೆ, ರೇಷ್ಮೆ ಕೊಡ್ಲಿಲ್ಲ. ಅದಕ್ಕೇ ಮಗಳಿಗೆ ಅವಮಾನ ಆಯ್ತು ಅಂದ್ಕೊಂಡಿದ್ದೆ. ಐದು ವರ್ಷದಿಂದ ಆ ಸೀರೇನೇ ಕಣ್ಮುಂದೆ ಬರ್ತಾ ಇತ್ತು. ಕುಂಬಳಕಾಯಿಗಾ! ನನ್ನ ಕೂಸು ಕುಂಬಳಕಾಯಿಗಾ ಅತ್ಕೊಂಡು ಹೋಯ್ತು!”

ಅಷ್ಟು ಹೇಳಿ ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಗುತ್ತಿದ್ದಾರೋ ಅಳುತ್ತಿದ್ದಾರೋ ನನಗೆ ತಿಳಿಯಲಿಲ್ಲ. ಎರಡೂ ಇತ್ತೇನೋ. ಆಗ ಕರೆಂಟು ಬಂತು, ಮಗ್ಗಗಳು ಹೊಡೆದುಕೊಳ್ಳಲು ಶುರುವಾದವು, ಮತ್ತೇನೂ ಕೇಳಿಸಲಿಲ್ಲ.

ಉತ್ತರ ಬರೆಯಿರಿ ಅಕ್ಕ.

ಚಂದ್ರಾ


ಕರುಮತ್ತಂಪಟ್ಟಿ
18-8-1986

ಅಕ್ಕ,

ಕಾರ್ಡಿನಲ್ಲಿ ಬರೆಯುತ್ತಿದ್ದೇನೆ, ಕನ್ನಡವಾದ್ದರಿಂದ ಪೋಸ್ಟ್‌ಮ್ಯಾನ್ ಓದುತ್ತಾನೆಂಬ ಭಯವಿಲ್ಲ. ಮೂರೂವರೆ ತಿಂಗಳಾಯಿತು. ಪೋಸ್ಟ್‌ಮ್ಯಾನ್ ನಂಜಪ್ಪನ್ ಬಂದಾಗಲೆಲ್ಲ ಅತ್ತೆ ಕೈ ಒರೆಸಿಕೊಂಡು ಹೊರಗೆ ಬರುತ್ತಾರೆ. ಅವರು ಹಾಗೆ ಬಂದು ಹಾಗೇ ಒಳಗೆ ಹೋಗುವುದನ್ನು ನೋಡಲಾರೆ. ನನ್ನ ಮೇಲೆ ಕೋಪವಿದ್ದರೆ ನನ್ನ ಮೇಲಿರಲಿ.

ಚಂದ್ರಾ


ಕರುಮತ್ತಂಪಟ್ಟಿ
12-10-1986

ರಾಜಾಮಣಿ ಕಣ್ಣು,

ನಾನು ಅಮ್ಮ. ನಾನು ಹೇಳ್ತಾ ಇದೀನಿ, ಚಂದ್ರಾ ಬರೀತಾ ಅವಳೆ. ಹೇಳಿದ್ದನ್ನ ಹಂಗೇ ಬರಿ, ಅಂದ ಮಾಡ್ಬೇಡ ಅಂತ ಹೇಳಿದೀನಿ.

ಅಳಿಯ ಮಾಪಿಳ್ಳೆ ಸೌಕ್ಯನಾ? ಸಮ್ಮಂದಿಯಮ್ಮನ ಮಂಡಿ ನೋವು ಹೆಂಗದೆ? ನಮ್ಮ ಎಣ್ಣೆ ಒಂದು ಬಾಟ್ಲಿ ಎತ್ತಿಟ್ಟಿದೀನಿ. ಅಪ್ಪ ಚೆನ್ನಾಗವ್ರೆ. ತಮ್ಮ ಚೆನ್ನಾಗವ್ನೆ. ನಾಲ್ಕನೇ ತರಿ, ಆ ಮೂಲೆ ಮಗ್ಗ, ಮೊನ್ನೆ ಕೆಟ್ಟುಹೋಯ್ತು, ಸರಿಯಾಯ್ತು.

ಕುಂಬಳಕಾಯಿ ಒಂದು ತಂದು ಅಟ್ಟದ ಮೇಲೆ ಇಟ್ಟಿದೀನಿ. ಒಳ್ಳೆ ಕಾಯಿ. ದೀಪಾವಳಿಗೆ ಕೊಯ್ಯಬೇಕು.

ಅದನ್ನ ನಾನು ತಿನ್ನಲ್ಲ. ನಾಲ್ಕು ವರ್ಷ ತಿಂದೆ, ಸಾಕು. ನಿನ್ನ ಪಾಲು ನೀನೇ ಬಂದು ತಿನ್ನು. ಸಮ್ಮಂದಿಯಮ್ಮನ್ನೂ ಕರ್ಕೊಂಡ್ ಬಾ. ಈ ಸಲ ಅವರ ಕಣ್ಮುಂದೇನೇ ಇಡ್ತೀನಿ, ಅವರು ಏನ್ ಬೇಕಾದ್ರೂ ಅಂದ್ಕೊಳ್ಳಲಿ.

ನಿಂಗೆ ಇಷ್ಟ ಅಂತ ಅರಿಸಿ ಪರುಪ್ಪೂ

(ಅಕ್ಕ, ಇಲ್ಲಿಂದ ನಾನು ಚಂದ್ರಾ. ಇಷ್ಟು ಬರೆದದ್ದೇ ನನ್ನ ಕೈ ನಿಂತಿತು. ಯಾಕೆ ನಿಲ್ಲಿಸಿದೆ ಅಂದರು. ನನಗೆ ಆಗದ್ದು ಅದೇ ಅತ್ತೆ ಎಂದೆ. ಹೇಗೆ ಬಂತೋ, ಬಾಯಿಗೆ ಬಂದುಬಿಟ್ಟಿತು. ಟೈಫಾಯಿಡ್ ಕಥೆಯೆಲ್ಲ ಹೇಳಿದೆ. ಅತ್ತೆ ಗಲ್ಲದ ಮೇಲೆ ಕೈಯಿಟ್ಟುಕೊಂಡು, “ಎರಡು ವರ್ಷ ನುಂಗಿದ್ಯಲ್ಲೇ! ನಾನು ಪಾವಿಯಾ, ರಾಕ್ಷಸಿಯಾ, ಹೇಳಕ್ಕೆ ಏನಾಗಿತ್ತು?” ಎಂದು ಕೂಗಾಡಿದರು. ಮಾವ ಮಗ್ಗ ನಿಲ್ಲಿಸಿ ಓಡಿಬಂದರು. ಆಮೇಲೆ ಅತ್ತೆ ತಣ್ಣಗಾಗಿ, ನನ್ನ ತಲೆ ಸವರಿ, “ಸರಿ ಬಿಡು, ಈ ದೀಪಾವಳಿಗೆ ನಿಂಗೂ ಒಂದು ತುತ್ತು ಆಯ್ತು” ಎಂದರು. ನನಗೆ ಆದ ಸಂತೋಷ ಹೇಳತೀರದು. ಈಗ ಅವರ ಮಾತು:)

ಅರಿಸಿ ಪರುಪ್ಪೂ ಮಾಡ್ತೀನಿ. ಇವಳಿಗೆ ಒಂದು ತುತ್ತು, ಮಿಕ್ಕಿದ್ದೆಲ್ಲ ನಿಂಗೆ. ಬಾ.

ಬಾ ಅಂತ ಇನ್ನೊಂದು ಸಲ ಬರಿ ಅಂದೆ, ಬರೆದ್ಲಾ?

ನಿನ್ನ ಅಮ್ಮ
ನಾಚಿಯಮ್ಮ


ಕುರಿಚಿ
21-10-1986

ಚಂದ್ರಾ,

ದೀಪಾವಳಿಯ ದಿನ ಬೆಳಗಿನ ಮೊದಲ ಬಸ್ಸಿಗೆ ಮೂವರೂ ಬರುತ್ತೇವೆ. ಅಮ್ಮನಿಗೆ ಓದಿ ಹೇಳು. ಇಷ್ಟೇ ಓದು, ಮುಂದಿನದು ನಿನಗೆ.

ನಿನ್ನ ಮೇ ತಿಂಗಳ ಕಾಗದ ಅಕ್ಕಿ ಡಬ್ಬದಲ್ಲಿದೆ. ಉತ್ತರ ಬರೆಯಲು ಕೂತಾಗಲೆಲ್ಲ ಆ ಬಟ್ಟಲು ಕಣ್ಣೆದುರು ಬರುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಎರಡು ಗಂಟೆ ಹೆಚ್ಚು ಇದ್ದಿದ್ದರೆ ಸಾಕಿತ್ತು, ಚಂದ್ರಾ. ಎರಡೇ ಗಂಟೆ. ಇಷ್ಟು ವರ್ಷ ಕಳೆದುಕೊಂಡೆ. ಯಾವ ಮುಖ ಹೊತ್ತು ಬರಲಿ ಎಂದು ಕೂತಿದ್ದೆ. ಅಮ್ಮ ‘ಬಾ’ ಎಂದಿದ್ದನ್ನು ಎರಡು ಸಲ ಬರೆದಿದ್ದೀಯ, ಅದಕ್ಕೆ ನಿನಗೆ ಪುಣ್ಯ ಬರಲಿ.

ರಾಜಾಮಣಿ


ಕುರಿಚಿ
8-11-1986

ಚಂದ್ರಾ,

ಮನೆಗೆ ಬಂದು ಐದು ದಿನವಾಯಿತು, ನಾನಿನ್ನೂ ಅಲ್ಲೇ ಇದ್ದೇನೆ. ನಿನ್ನ ಮುಖವನ್ನು ಕೊನೆಗೂ ನೋಡಿದೆ. ಅರಿಸಿ ಪರುಪ್ಪು ಬಾಯಲ್ಲಿಟ್ಟುಕೊಂಡಾಗಿನ ನಿನ್ನ ಮುಖವನ್ನು ಇನ್ನು ಮರೆಯುವುದು ಕಷ್ಟ. ಇವರು ಅದನ್ನು ಮಾಡಿ ತೋರಿಸುತ್ತಾ ಇಡೀ ಬಸ್ಸನ್ನು ನಗಿಸಿದರು. ನಮ್ಮ ಅತ್ತೆ ಬೇರೆ ದಾರಿಯುದ್ದಕ್ಕೂ, “ಇಷ್ಟು ಒಳ್ಳೆ ಪಳಕ್ಕನ ಯಾಕೆ ಇಷ್ಟು ದಿನ ಹೇಳ್ಲಿಲ್ಲ? ನಂಗೆ ಆಗದ್ದು ಅವರೆಕಾಳು, ಬರ್ಕೋ” ಎನ್ನುತ್ತಿದ್ದರು. ಈ ಅತ್ತೆಗೇ ಅಮ್ಮ ಐದು ವರ್ಷ ಹೆದರಿದ್ದಳು.

ಅಮ್ಮನನ್ನು ಎಲ್ಲರ ಜೊತೆ ಸಾಲಿನಲ್ಲಿ ಕೂರಿಸಿ ನೀನು ಸೌಟು ಹಿಡಿದೆಯಲ್ಲ, ಅದು ನನಗೆ ಹೊಳೆಯದೇ ಹೋಯಿತು. ನಿಮಗೆ ಆಗದ್ದು ಏನತ್ತೆ ಎಂದು ನೀನು ಕೇಳಿದಾಗ, “ನಂಗೆ ಎಲ್ಲಾನೂ ಆಗ್ತದೆ” ಎಂದಳಲ್ಲ ಅಮ್ಮ. “ನಾನೂ ಹಂಗೇ ಅಂದಿದ್ದೆ ಅತ್ತೆ” ಎಂದು ನೀನು ಅಂದೆ. ಅಪ್ಪನೂ ಆಗ ತಲೆ ಎತ್ತಿ ಅಮ್ಮನ ಕಡೆ ನೋಡಿದರು. ಅಮ್ಮ ಬಾಯಿ ಬಿಟ್ಟಿದ್ದರೆ ಬರೆ. ಬಿಡಿಸುವುದು ನಿನ್ನ ಕೆಲಸ.

ಈಗ ಒಂದು ಗುಟ್ಟು. ನಿನ್ನ ಕನ್ನಡವನ್ನು ನಂಬಿ ಬರೆಯುತ್ತಿದ್ದೇನೆ.

ಸಾಲಿಗೆ ಕೂರುವ ಮೊದಲು ಅಮ್ಮ ತಾನೇ ಕುಂಬಳಕಾಯಿ ತಂದು ನನ್ನ ಎಲೆಯ ತುದಿಯಲ್ಲಿ ಇಟ್ಟಳಲ್ಲ. ನಾನು ಮೂಗು ಮುಚ್ಚಿದೆ, ಕಣ್ಣು ಹಿಂಡಿದೆ, ಥೂ ಎಂದೆ, ನೀರು ಕುಡಿದೆ. ಎಲ್ಲರೂ ನಕ್ಕರು. ಅದೆಲ್ಲ ನಾಟಕ ಕಣೇ. ಐದು ವರ್ಷ ವಾರಕ್ಕೆ ಮೂರು ದಿನ ತಿಂದು ತಿಂದು ಕುಂಬಳಕಾಯಿ ನನಗೆ ಎಂದೋ ಒಗ್ಗಿಹೋಗಿದೆ. ನಿಜ ಹೇಳಬೇಕೆಂದರೆ ಈಗ ಇಷ್ಟ. ಅಮ್ಮ ಕೊಬ್ಬರಿ ತುರಿದು ಹಾಕಿದ್ದಳು, ಇನ್ನೊಂದು ತುತ್ತು ಕೇಳುವಷ್ಟು ರುಚಿಯಾಗಿತ್ತು. ಕೇಳಲಿಲ್ಲ. ಕುಂಬಳಕಾಯಿ ಆಗುತ್ತದೆ ಎಂದರೆ ನನ್ನ ಎಲೆಯ ತುದಿ ಮತ್ತೆ ಖಾಲಿಯಾಗುತ್ತದಲ್ಲ ಎಂದು ಹೆದರಿದೆ. ಅಮ್ಮನಿಗೆ ಯಾವತ್ತೂ ಹೇಳಬೇಡ.

ನಿನ್ನ
ರಾಜಾಮಣಿ ಅಕ್ಕ


ಕರುಮತ್ತಂಪಟ್ಟಿ
17-11-1986

ಅಕ್ಕ,

ಅತ್ತೆ ಬಾಯಿ ಬಿಟ್ಟರು. ಗುರುವಾರ ನೂಲು ಸುತ್ತುತ್ತಾ ಸುತ್ತುತ್ತಾ ತಾವಾಗಿಯೇ, “ಸಬ್ಬಕ್ಕಿ ಪಾಯಸ” ಎಂದರು. “ಕೊಳಕೊಳ ಅಂತ ಜಾರ್ತದೆ, ನೆನೆಸ್ಕೊಂಡ್ರೆ ಹೊಟ್ಟೆ ತೊಳಸ್ತದೆ. ನಿಮ್ಮ ಮಾವನಿಗೆ ಉಸುರು ಅದು, ಅದಕ್ಕೇ ಹೇಳ್ಲಿಲ್ಲ. ನಮ್ಮ ಅತ್ತೆಗೆ ಮಾತ್ರ ಗೊತ್ತಿತ್ತು.” ಮದುವೆಯಾದಾಗಿನಿಂದ ಪ್ರತಿ ಹಬ್ಬಕ್ಕೂ ಅದನ್ನು ಕಲಕುತ್ತಾ ನಿಂತವರು ಅವರು, ಅಕ್ಕ! ಇನ್ನು ಮೇಲೆ ಪಾಯಸ ನಾನು ಮಾಡುತ್ತೇನೆಂದು ಹೇಳಿದ್ದೇನೆ. ಮುಂದಿನ ದೀಪಾವಳಿಗೆ ಒಂದು ಚಮಚ ಅವರ ಬಾಯಿಗೆ ಹಾಕುವವಳೂ ನಾನೇ.

ನಿಮ್ಮ ಗುಟ್ಟನ್ನು ನಾನು ಹೇಳಿಲ್ಲ. ದೇವರಾಣೆ ಹೇಳಿಲ್ಲ. ಮೊನ್ನೆ ನಿಮ್ಮ ಕಾಗದ ಬಂದಾಗ ಓದಿ ಬರೀ ಕುಶಲ ತಿಳಿಸಿದೆ. ಅತ್ತೆ ಎಲ್ಲ ಕೇಳಿಸಿಕೊಂಡು ಹೀಗೆಂದರು:

“ಕುಂಬಳಕಾಯಿ ಅವಳಿಗೆ ಈಗ ಆಗ್ತದೆ ಕಣ್ಣು. ಮೂಗು ಮುಚ್ಕೊಂಡ್ಲು, ಸರಿ. ಆದ್ರೆ ತಿಂದ ಮೇಲೆ ಬೆರಳು ನೆಕ್ಕಿದ್ಲು. ಹೆತ್ತವಳಿಗೆ ತಿಳಿಯಲ್ವಾ? ಆಗದೆ ಇರೋದು ಬೇರೆ ಏನಾದ್ರೂ ಇದ್ರೆ ಬರೀ ಅನ್ನು. ಏನೂ ಇಲ್ಲ ಅಂದ್ರೆ ಕುಂಬಳಕಾಯೇ ಇಡ್ತೀನಿ, ಮುಖ ಅವಳು ಹಂಗೇ ಮಾಡ್ಲಿ. ತುದಿ ಮಾತ್ರ ಖಾಲಿ ಬಿಡಲ್ಲ ಅಂತ ಬರಿ.”

ಬರೆದಿದ್ದೇನೆ.

ಚಂದ್ರಾ